ಗೋಡೆ ಏರಿದ ಜೋಡಿ ಓವನ್

ಅಡುಗೆಮನೆಯ ಕಪಾಟಿನೊಳಗೆ ಒಂದರ ಮೇಲೊಂದು ಕೂರಿಸಿದ ಎರಡು ವಿದ್ಯುತ್ ಓವನ್‌ಗಳು ಎರಡನೇ ಮಹಾಯುದ್ಧದ ನಂತರ ಅಮೆರಿಕದ ಮನೆಗಳಲ್ಲಿ ನೆಲೆಯೂರಿದವು. ಅದಕ್ಕೆ ಮುಂಚೆ ಬಹುಕಾಲ ಅಲ್ಲಿನ ಅಡುಗೆ ಎರಕದ ಕಬ್ಬಿಣದ ದೊಡ್ಡ ಒಲೆಗಳ ಮೇಲೆ ನಡೆದಿತ್ತು. ಸೌದೆಯನ್ನೋ ಕಲ್ಲಿದ್ದಲನ್ನೋ ಉರಿಸುವ ಆ ಒಲೆಯ ನೆತ್ತಿಯ ಮೇಲೆ ಪಾತ್ರೆ ಇಡುವ ಜಾಗ, ಒಡಲಲ್ಲಿ ಬ್ರೆಡ್ಡು ಮಾಂಸ ಬೇಯಿಸುವ ಓವನ್. ಎರಡಕ್ಕೂ ಉರಿ ಒಂದೇ. ಹೊಗೆ ಹೋಗಲು ಚಿಮಣಿ ಬೇಕಿದ್ದುದರಿಂದ ಚಿಮಣಿ ಇದ್ದಲ್ಲೇ ಒಲೆ. ಓವನ್ ಎಷ್ಟು ಕಾದಿದೆ ಎಂದು ತಿಳಿಯಲು ಒಳಗೆ ಕೈಯಿಟ್ಟು, ಎಷ್ಟು ಹೊತ್ತು ತಾಳಬಹುದೆಂದು ಎಣಿಸುತ್ತಿದ್ದರು. ಬಿಳಿ ಕಾಗದವನ್ನೋ ಚಿಟಿಕೆ ಹಿಟ್ಟನ್ನೋ ಇಟ್ಟು ಅದು ಕಂದಾಗುವುದನ್ನು ಕಾಯುವವರೂ ಇದ್ದರು. ಗ್ಯಾಸ್ ಒಲೆ ಬಂದಾಗ ಹೊಗೆ, ಬೂದಿಯ ಕಾಟ ತಗ್ಗಿತು. 1915ರ ಹೊತ್ತಿಗೆ ಅಮೆರಿಕನ್ ಸ್ಟೋವ್ ಕಂಪನಿಯ ‘ಲೊರೇನ್’ ನಿಯಂತ್ರಕ ಗ್ಯಾಸ್ ಓವನ್‌ನ ಉಷ್ಣತೆಯನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ಅನುಕೂಲವನ್ನೂ ತಂದಿತು. ಆದರೂ ಜ್ವಾಲೆ ಇದ್ದಲ್ಲಿ ಗಾಳಿ ಬೇಕು, ಉರಿದ ಗಾಳಿಗೆ ಹೊರದಾರಿಯೂ ಬೇಕು.

ಜ್ವಾಲೆಯಿಲ್ಲದೆ ಬೇಯಿಸುವ ಪ್ರಯತ್ನಗಳು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲೇ ಆರಂಭವಾಗಿದ್ದವು. ಕೆನಡಾದ ಆಟವಾ ನಗರದ ಥಾಮಸ್ ಅಹರ್ನ್ ತಾನು ರೂಪಿಸಿದ ವಿದ್ಯುತ್ ಓವನ್ ಬಳಸಿ 1892ರಲ್ಲಿ ಅಲ್ಲಿನ ವಿಂಡ್ಸರ್ ಹೋಟೆಲಿನಲ್ಲಿ ಒಂದು ಔತಣವನ್ನೇ ಏರ್ಪಡಿಸಿದ. ಮರುವರ್ಷ ಚಿಕಾಗೋದ ವಿಶ್ವ ಮೇಳದಲ್ಲಿ ಮಾದರಿ ವಿದ್ಯುತ್ ಅಡುಗೆಮನೆಯನ್ನು ಜನ ಕಣ್ಣಾರೆ ಕಂಡರು. ಆದರೆ ಬೆರಗು ಮನೆಮನೆಗೆ ಇಳಿಯಲಿಲ್ಲ. ತೊಡಕಿದ್ದದ್ದು ತಂತಿಯಲ್ಲಿ. ಕೆಂಪಗೆ ಕಾದ ಕಬ್ಬಿಣದ ತಂತಿ ಗಾಳಿಯಲ್ಲಿ ಬೇಗ ಕಿಲುಬಿ ತುಂಡಾಗುತ್ತಿತ್ತು. ಪ್ಲಾಟಿನಂ ತಾಳುತ್ತಿತ್ತು, ಆದರೆ ಅದರ ಬೆಲೆ ಅಡುಗೆಮನೆಗೆ ಹೊಂದುವಂಥದಲ್ಲ.

ಈ ಗಂಟನ್ನು ಬಿಡಿಸಿದವನು ಆಲ್ಬರ್ಟ್ ಮಾರ್ಶ್. ನಿಕಲ್ ಮತ್ತು ಕ್ರೋಮಿಯಂ ಬೆರೆತ ಅವನ ಮಿಶ್ರಲೋಹಕ್ಕೆ 1906ರಲ್ಲಿ ಪೇಟೆಂಟ್ ದೊರೆಯಿತು. ನೈಕ್ರೋಮ್ ಎಂದು ಈಗ ಎಲ್ಲರೂ ಕರೆಯುವ ಈ ತಂತಿಯಲ್ಲಿ ಸಾಮಾನ್ಯವಾಗಿ ಸುಮಾರು 80 ಪಾಲು ನಿಕಲ್, 20 ಪಾಲು ಕ್ರೋಮಿಯಂ ಇರುತ್ತದೆ. ಕಾದಾಗ ಮೇಲ್ಮೈಯಲ್ಲಿ ಕ್ರೋಮಿಯಂ ಆಕ್ಸೈಡಿನ ತೆಳು ಪೊರೆ ಮೂಡಿ ಒಳಗಿನ ಲೋಹವನ್ನು ಕಾಯುತ್ತದೆ. ಹಾಗಾಗಿ ಸಾವಿರಾರು ಸಲ ಕೆಂಪಾಗಿ ತಣಿದರೂ ತಂತಿ ಬಾಳುತ್ತದೆ. ಟೋಸ್ಟರ್, ಇಸ್ತ್ರಿಪೆಟ್ಟಿಗೆ, ನೀರು ಕಾಯಿಸುವ ಹೀಟರ್, ಓವನ್ ಎಲ್ಲವೂ ಈ ಒಂದು ಲೋಹದ ಬಲದಿಂದ ಮನೆ ಸೇರಿದವು. ಗೃಹೋಪಯೋಗಿ ಉಪಕರಣಗಳ ಚರಿತ್ರೆ ಕಂಪನಿಗಳ ಹೆಸರುಗಳಿಂದ ತುಂಬಿದೆ. ಅಲ್ಲಿ ಮಾರ್ಶ್‌ಗೆ ಸಲ್ಲಬೇಕಾದ ಸ್ಥಾನ ಇನ್ನೂ ಸಂದಿಲ್ಲ.

1910ರಲ್ಲಿ ಜಾರ್ಜ್ ಹ್ಯೂಸ್ ವಿದ್ಯುತ್ ಒಲೆಗಳ ವ್ಯಾಪಾರಕ್ಕಿಳಿದ. ಅವನ ಮೊದಲ ಒಲೆಗಳಲ್ಲಿ ಸುರುಳಿ ತಂತಿ ಸುಟ್ಟ ಮಣ್ಣಿನ ಬಿಲ್ಲೆಯ ತೋಡುಗಳಲ್ಲಿ ಬರಿದಾಗಿ ಮಲಗಿರುತ್ತಿತ್ತು. ಹಾಲು ಉಕ್ಕಿದರೆ ತಂತಿಗೂ ಕೇಡು, ಅಡುಗೆಯವರಿಗೂ ಅಪಾಯ. ಮುಂದೆ ತಂತಿಯನ್ನು ಲೋಹದ ಕೊಳವೆಯ ನಡುವೆ ಇಟ್ಟು, ಸುತ್ತ ಮೆಗ್ನೀಷಿಯಂ ಆಕ್ಸೈಡ್ ಪುಡಿಯನ್ನು ಗಟ್ಟಿಯಾಗಿ ತುಂಬುವ ವಿಧಾನ ಬಂತು. ಈ ಪುಡಿ ಶಾಖವನ್ನು ಹೊರಬಿಡುತ್ತದೆ, ವಿದ್ಯುತ್ತನ್ನು ತಡೆಯುತ್ತದೆ. ಇಂದಿನ ಓವನ್‌ನ ತಳದಲ್ಲೂ ಚಾವಣಿಯಲ್ಲೂ ಇರುವ ಎಲಿಮೆಂಟ್ ಇದೇ ಬಗೆಯದು.

ಒಲೆ ಸಿದ್ಧವಾದರೂ ಕರೆಂಟು ಎಲ್ಲರಿಗೂ ಇರಲಿಲ್ಲ. 1930ರ ದಶಕದ ನಡುವಿನಲ್ಲಿ ಅಮೆರಿಕದ ಹತ್ತು ಹೊಲಮನೆಗಳಲ್ಲಿ ಸುಮಾರು ಒಂದಕ್ಕೆ ಮಾತ್ರ ವಿದ್ಯುತ್ ಸಂಪರ್ಕವಿತ್ತು. 1935ರಲ್ಲಿ ಸರ್ಕಾರ ಗ್ರಾಮೀಣ ವಿದ್ಯುದೀಕರಣ ಸಂಸ್ಥೆಯನ್ನು ಸ್ಥಾಪಿಸಿದ ಮೇಲೆ ಹಳ್ಳಿಗಳಿಗೆ ತಂತಿ ಹರಿಯಿತು.

ಚಿಮಣಿಯ ಹಂಗಿಲ್ಲದ ಓವನ್ ಒಲೆಯ ಹೊಟ್ಟೆಯೊಳಗೇ ಇರಬೇಕಾದ ಕಾರಣವಿಲ್ಲ ಎಂಬುದನ್ನು ತಯಾರಕರು ಕಂಡುಕೊಳ್ಳಲು ಮತ್ತಷ್ಟು ಕಾಲ ಹಿಡಿಯಿತು. ಅಡುಗೆಮನೆಯ ಕಪಾಟುಗಳು ನಿಗದಿತ ಅಳತೆಗೆ ಬಂದದ್ದು ಇಲ್ಲಿ ಮುಖ್ಯ. 1926ರಲ್ಲಿ ಮಾರ್ಗರೆಟೆ ಶ್ಯುಟ್ಟೆ-ಲಿಹೋಟ್ಸ್ಕಿ ಜರ್ಮನಿಯ ಫ್ರಾಂಕ್‌ಫರ್ಟ್ ವಸತಿಗಳಿಗಾಗಿ ರೂಪಿಸಿದ ಅಡುಗೆಮನೆ ಕಪಾಟು, ಕಟ್ಟೆ, ತೊಟ್ಟಿಗಳನ್ನು ಒಂದೇ ಜೋಡಣೆಯಾಗಿ ಕಂಡಿತು. ಅಮೆರಿಕದಲ್ಲಿ ಯುದ್ಧಾನಂತರ ಕಟ್ಟಿದ ಬಡಾವಣೆಗಳು ಈ ಬಗೆಯ ಸಾಲುಕಪಾಟುಗಳನ್ನು ಸಾಮಾನ್ಯ ಮನೆಗಳಿಗೂ ತಂದವು. ಗೋಡೆಯ ಓವನ್‌ನ ಮೊದಲಿಗತನವನ್ನು 1947ರ ವರ್ಷ ಹೇಳಿ ಕ್ಯಾಲಿಫೋರ್ನಿಯಾ ಮೂಲದ ಥರ್ಮಡಾರ್ ಕಂಪನಿ ತನ್ನದೆನ್ನುತ್ತದೆ. ಮುಂದಿನ ದಶಕದಲ್ಲಿ ಪ್ರಮುಖ ತಯಾರಕರೆಲ್ಲ ಇದೇ ದಾರಿ ಹಿಡಿದರು. ಬರ್ನರ್‌ಗಳು ಕಟ್ಟೆಯ ಮೇಲೆ ಉಳಿದವು, ಓವನ್ ಎದೆಮಟ್ಟಕ್ಕೆ ಏರಿತು. ಕುದಿಯುವ ಎಣ್ಣೆ, ಮಾಂಸದ ರಸ ತುಂಬಿದ ಭಾರದ ತಟ್ಟೆಯನ್ನು ಬಗ್ಗಿ ಎತ್ತುವ ಕಷ್ಟ ತಪ್ಪಿದ್ದು ಸಣ್ಣ ಲಾಭವಲ್ಲ.

ಒಂದು ಸಾಲದೆ ಎರಡು ಏಕೆ ಬೇಕಾದವು ಎಂಬುದಕ್ಕೆ ಉತ್ತರ ಅಮೆರಿಕನ್ನರ ಊಟದ ಪದ್ಧತಿಯಲ್ಲಿದೆ. ನವೆಂಬರ್ ತಿಂಗಳ ಥ್ಯಾಂಕ್ಸ್‌ಗಿವಿಂಗ್ ಹಬ್ಬದಂದು ಇಡಿಯ ಟರ್ಕಿ ಕೋಳಿಯನ್ನು ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಲವು ಗಂಟೆ ಬೇಯಿಸುತ್ತಾರೆ. ಅದೇ ಊಟಕ್ಕೆ ಬೇಕಾದ ಪೈ, ಬನ್ನುಗಳಿಗೆ 200 ಡಿಗ್ರಿಗೂ ಮೀರಿದ ಶಾಖ ಬೇಕು. ಒಂದೇ ಓವನ್ ಇದ್ದ ಮನೆಯಲ್ಲಿ ಸಿಹಿಯನ್ನು ಹಿಂದಿನ ದಿನವೇ ಮಾಡಿಡಬೇಕು, ಇಲ್ಲವೇ ಕೋಳಿ ಇಳಿಯುವತನಕ ಕಾಯಬೇಕು. ಬೇರೆ ಬೇರೆ ಥರ್ಮೋಸ್ಟಾಟ್ ಇರುವ ಎರಡು ಗೂಡುಗಳು ಈ ಸರದಿಯನ್ನು ಇಲ್ಲವಾಗಿಸಿದವು. ಬ್ರಿಟನ್ನಿನ ಜೋಡಿ ಓವನ್ ಮಾತ್ರ ಬೇರೆ ಜಾತಿಯದು: ಅಲ್ಲಿ ಮೇಲಿನ ಗೂಡು ಚಿಕ್ಕದು, ಗ್ರಿಲ್ ಮಾಡಲು ಮತ್ತು ತಟ್ಟೆ ಬೆಚ್ಚಗಿಡಲು; ನಿಜವಾದ ಬೇಯುವಿಕೆ ಕೆಳಗಿನದರಲ್ಲಿ.

1950ರ ದಶಕದಲ್ಲಿ ಈ ಉಪಕರಣದ ಹಿಂದೆ ದೊಡ್ಡ ಪ್ರಚಾರ ನಿಂತಿತು. ವಿದ್ಯುತ್ ಕಂಪನಿಗಳೂ ತಯಾರಕರೂ ಸೇರಿ 1956ರಲ್ಲಿ ‘ಲಿವ್ ಬೆಟರ್ ಎಲೆಕ್ಟ್ರಿಕಲಿ’ ಎಂಬ ಆಂದೋಲನ ಆರಂಭಿಸಿದರು. ಎಲ್ಲಕ್ಕೂ ವಿದ್ಯುತ್ತನ್ನೇ ಬಳಸುವ ಮನೆಗಳಿಗೆ ಪದಕದ ಗುರುತು ಸಿಗುತ್ತಿತ್ತು. ಜನರಲ್ ಎಲೆಕ್ಟ್ರಿಕ್ ಕಂಪನಿಯ ಟಿವಿ ಕಾರ್ಯಕ್ರಮ ನಡೆಸಿಕೊಡುತ್ತಿದ್ದ ನಟ ರೊನಾಲ್ಡ್ ರೇಗನ್ ತನ್ನ ವಿದ್ಯುನ್ಮಯ ಮನೆಯನ್ನೇ ಜಾಹೀರಾತಾಗಿ ತೋರಿಸಿದ. 1959ರ ಜುಲೈ 24ರಂದು ಮಾಸ್ಕೋದ ಸೊಕೊಲ್ನಿಕಿ ಉದ್ಯಾನದ ಅಮೆರಿಕನ್ ಪ್ರದರ್ಶನದಲ್ಲಿ ಅಮೆರಿಕದ ಉಪಾಧ್ಯಕ್ಷ ನಿಕ್ಸನ್ ಮತ್ತು ಸೋವಿಯತ್ ನಾಯಕ ಕ್ರುಶ್ಚೇವ್ ವಾಗ್ವಾದಕ್ಕೆ ನಿಂತದ್ದೂ ನಿಂಬೆಹಳದಿ ಬಣ್ಣದ ಅಡುಗೆಮನೆಯ ಮುಂದೆಯೇ. ಮನೆ ಕಟ್ಟುವಾಗಲೇ ಅಳವಡಿಸುವ ಯಂತ್ರಗಳು ಆ ದಿನದ ಮಾತಿನಲ್ಲಿ ಒಂದು ದೇಶದ ಬಾಳ್ವೆಯ ಮಟ್ಟಕ್ಕೆ ಸಾಕ್ಷಿಯಾದವು.

ಓವನ್ ತೊಳೆಯುವ ಕೆಲಸ ಮಾತ್ರ ಹಳೆಯ ಕಾಲದಲ್ಲೇ ಉಳಿದಿತ್ತು. ಒಳಗೋಡೆಯ ಎನಾಮಲ್ ಎಂದರೆ ಉಕ್ಕಿನ ಮೇಲೆ ಕರಗಿಸಿ ಕೂಡಿಸಿದ ಗಾಜು. ಅದರ ಮೇಲೆ ಸೀದು ಕುಳಿತ ಜಿಡ್ಡನ್ನು ಬಿಡಿಸಲು ಕಾಸ್ಟಿಕ್ ಸೋಡಾ ಬೆರೆಸಿದ ದ್ರಾವಣ ಹಚ್ಚಿ, ಗ್ಲವ್ಸ್ ತೊಟ್ಟು ಉಜ್ಜಬೇಕಿತ್ತು. ಜನರಲ್ ಎಲೆಕ್ಟ್ರಿಕ್ 1963ರಲ್ಲಿ ತಾನೇ ಶುಚಿಗೊಳ್ಳುವ ಓವನ್ ಅನ್ನು ಮಾರುಕಟ್ಟೆಗೆ ತಂದಿತು. ಬಾಗಿಲು ಬೀಗ ಬಿದ್ದು, ಒಳಗಿನ ಶಾಖ 480 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರುತ್ತದೆ. ಜಿಡ್ಡೆಲ್ಲ ಉರಿದು ಬೂದಿಯಾಗುತ್ತದೆ, ತಣಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು. ಅಷ್ಟು ಶಾಖವನ್ನು ಹಿಡಿದಿಡಲು ದಪ್ಪ ನಿರೋಧಕ ಪದರ ಹಾಕಬೇಕಾಯಿತು, ಅದರಿಂದ ದಿನನಿತ್ಯದ ಅಡುಗೆಯಲ್ಲೂ ಶಾಖ ಪೋಲಾಗುವುದು ಕಡಿಮೆಯಾಯಿತು. ಅನುಭವ ಕೆಲವು ಎಚ್ಚರಿಕೆಗಳನ್ನೂ ಕಲಿಸಿತು: ಕ್ರೋಮ್ ಲೇಪದ ತಂತಿ ಹಲಗೆಗಳನ್ನು ಒಳಗೇ ಬಿಟ್ಟರೆ ಹೊಳಪು ಹೋಗುತ್ತದೆ, ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿದರೆ ಎನಾಮಲ್‌ಗೆ ಅಂಟಿ ಹಾಳುಮಾಡುತ್ತದೆ, ಶುಚಿಯ ಹೊತ್ತಿನ ಹೊಗೆ ಸಾಕಿದ ಪಕ್ಷಿಗಳ ಜೀವಕ್ಕೇ ಎರವಾಗಬಹುದು. ವಿಪರೀತ ಶಾಖದಿಂದ ಉಷ್ಣ ಫ್ಯೂಸ್ ಹೋಗಿ, ಹಬ್ಬದ ಮುನ್ನಾದಿನ ಓವನ್ ಸ್ತಬ್ಧವಾಗುವುದುಂಟು. ಆದ್ದರಿಂದ ಈ ಕೆಲಸವನ್ನು ಹಬ್ಬಕ್ಕೆ ಸಾಕಷ್ಟು ಮೊದಲೇ ಮುಗಿಸುವುದು ಮೇಲು.

ಅಳವಡಿಕೆಯ ಚರಿತ್ರೆ ಬಡಗಿಗೂ ಎಲೆಕ್ಟ್ರಿಷಿಯನ್‌ಗೂ ಸಮವಾಗಿ ಸೇರಿದ್ದು. ಜೋಡಿ ಓವನ್‌ನ ತೂಕ ನೂರು ಕಿಲೋ ದಾಟುವುದು ಅಪರೂಪವಲ್ಲ. ಆದ್ದರಿಂದ ಕಪಾಟಿನೊಳಗೆ ಗಟ್ಟಿ ಹಲಗೆಯ ಪೀಠ ಬೇಕು. ಎತ್ತುವ ಮುನ್ನ ಬಾಗಿಲು, ಹಲಗೆಗಳನ್ನು ಕಳಚಿ ಭಾರ ಇಳಿಸುತ್ತಾರೆ. ಕೂರಿಸಿದ ಮೇಲೆ ಪಕ್ಕಗಳಿಗೆ ಸ್ಕ್ರೂ ಬಿಗಿಯುತ್ತಾರೆ. ಕರ್ನಾಟಕದ ಮನೆಗಳಲ್ಲಿ ಒಂದು ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್ ಇರುತ್ತದೆ. ಅಮೆರಿಕದ ಮನೆಗೆ ಬರುವುದು ಎರಡು ಬಿಸಿ ತಂತಿ, ಒಂದು ನ್ಯೂಟ್ರಲ್. ಬಿಸಿ ತಂತಿ ಮತ್ತು ನ್ಯೂಟ್ರಲ್ ನಡುವೆ 120 ವೋಲ್ಟ್, ಎರಡು ಬಿಸಿ ತಂತಿಗಳ ನಡುವೆ 240. ಓವನ್‌ನ ಎಲಿಮೆಂಟುಗಳು 240ರ ಮೇಲೆ ನಡೆಯುತ್ತವೆ, ಜೋಡಿಗೆ ಸಾಮಾನ್ಯವಾಗಿ 40 ಅಥವಾ 50 ಆಂಪಿಯರ್‌ನ ಪ್ರತ್ಯೇಕ ಸರ್ಕ್ಯೂಟ್. ಯುದ್ಧಕಾಲದಲ್ಲಿ ತಾಮ್ರ ಉಳಿಸಲೆಂದು ನ್ಯೂಟ್ರಲ್ ತಂತಿಯನ್ನೇ ಅರ್ಥಿಂಗ್ ಆಗಿಯೂ ಬಳಸಲು ಅಲ್ಲಿನ ವಿದ್ಯುತ್ ಸಂಹಿತೆ ಒಲೆಗಳಿಗೆ ವಿನಾಯಿತಿ ಕೊಟ್ಟಿತ್ತು. ನ್ಯೂಟ್ರಲ್ ಎಲ್ಲಾದರೂ ಸಡಿಲಾದರೆ ಓವನ್‌ನ ಮೈಗೇ ವಿದ್ಯುತ್ ಹರಿಯುವ ಅಪಾಯ ಇದರಲ್ಲಿತ್ತು. ತಾತ್ಕಾಲಿಕವಾಗಿ ಬಂದ ಈ ರಿಯಾಯಿತಿ ದಶಕಗಟ್ಟಲೆ ಉಳಿದದ್ದು ಸರಿಯಲ್ಲ; ಹೊಸ ಸರ್ಕ್ಯೂಟುಗಳಿಗೆ ಪ್ರತ್ಯೇಕ ಅರ್ಥಿಂಗ್ ಸೇರಿ ನಾಲ್ಕು ತಂತಿ ಕಡ್ಡಾಯವಾದದ್ದು 1996ರ ಸಂಹಿತೆಯಲ್ಲಿ.

ಬಳಕೆ ಎಲ್ಲ ಮನೆಗಳಲ್ಲೂ ಒಂದೇ ಬಗೆಯಲ್ಲಿ ಬೆಳೆಯಲಿಲ್ಲ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಎಷ್ಟೋ ಮನೆಗಳಲ್ಲಿ ಓವನ್ ಬಾಣಲೆ, ಕುಕ್ಕರುಗಳನ್ನಿಡುವ ಕಪಾಟೂ ಹೌದು; ಚಳಿಗಾಲದಲ್ಲಿ ಒಳಗಿನ ದೀಪವನ್ನಷ್ಟೇ ಹಚ್ಚಿ, ಅದರ ಕಾವಿನಲ್ಲಿ ದೋಸೆ ಹಿಟ್ಟು ಹುದುಗಿಸುವ, ಮೊಸರು ಹೆಪ್ಪುಗಟ್ಟಿಸುವ ರೂಢಿಯೂ ಅಲ್ಲಿ ಬೇರೂರಿದೆ. ಟ್ಯಾಪನ್ ಕಂಪನಿ 1955ರಲ್ಲಿ ಗೋಡೆಯಲ್ಲಿ ಕೂರಿಸುವ ಮೈಕ್ರೋವೇವ್ ಓವನ್ ತಂದಾಗ ಅದರ ಬೆಲೆ 1,295 ಡಾಲರ್. ದರ ಇಳಿದ ಮೇಲೆ ಜೋಡಿಯ ಮೇಲಿನ ಗೂಡನ್ನು ಅನೇಕ ಮನೆಗಳಲ್ಲಿ ಮೈಕ್ರೋವೇವ್ ಆಕ್ರಮಿಸಿತು. ಬಿಸಿಗಾಳಿಯನ್ನು ಫ್ಯಾನಿನಿಂದ ಸುತ್ತಾಡಿಸುವ ಕನ್ವೆಕ್ಷನ್, ನೀರಾವಿ ಬಿಡುವ ಓವನ್‌ಗಳು ಆಮೇಲೆ ಸೇರಿಕೊಂಡವು.

ಅಳತೆಗಳು ಕೊನೆಗೆ ಕೆಲವಕ್ಕೆ ನಿಂತವು: ಅಮೆರಿಕದಲ್ಲಿ 24, 27, 30 ಇಂಚು ಅಗಲ; ಯುರೋಪಿನಲ್ಲಿ 60 ಸೆಂಟಿಮೀಟರ್. ಆದರೆ ಅಗಲ ಒಂದೇ ಇದ್ದರೂ ಕಪಾಟಿನಲ್ಲಿ ಕೊರೆಯಬೇಕಾದ ಕಂಡಿಯ ಎತ್ತರ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಹಳೆಯ ಮನೆಯ ಓವನ್ ಕೆಟ್ಟಾಗ ಹೊಸದನ್ನು ತರುವ ಮುನ್ನ ಕಂಡಿಯ ಅಗಲ, ಎತ್ತರ, ಆಳವನ್ನೂ ಗೋಡೆಯಿಂದ ಬಂದಿರುವ ತಂತಿ ಮೂರೋ ನಾಲ್ಕೋ ಎಂಬುದನ್ನೂ ನೋಡಿಕೊಳ್ಳಬೇಕಾಗುತ್ತದೆ; ಹೊಂದದಿದ್ದರೆ ಬಡಗಿ ಕಂಡಿಯನ್ನು ಹಿಗ್ಗಿಸಬೇಕು ಇಲ್ಲವೇ ಪಟ್ಟಿ ಬಡಿದು ಮುಚ್ಚಬೇಕು.