ಕರ್ನಾಟಕದ ಹಳ್ಳಿ ಅಧ್ಯಯನಗಳಲ್ಲಿ ಸಂಶೋಧನಾ ವಿಧಾನದ ಆಯ್ಕೆ

ಸಮಾಜಶಾಸ್ತ್ರಜ್ಞರು ಪ್ರಶ್ನಾವಳಿ ಹಿಡಿದು ಮನೆಮನೆ ತಿರುಗಬೇಕೋ, ಒಂದೇ ಊರಲ್ಲಿ ಬಿಡಾರ ಹೂಡಬೇಕೋ ಎಂಬುದನ್ನು ಸಿದ್ಧಾಂತವೊಂದೇ ತೀರ್ಮಾನಿಸುವುದಿಲ್ಲ. ಹುಡುಕುತ್ತಿರುವ ಪ್ರಶ್ನೆ, ಗುರುಪರಂಪರೆ, ಕೈಯಲ್ಲಿರುವ ಕಾಲ ಮತ್ತು ಹಣ, ಊರವರು ಕೂರಿಸುವ ಜಾಗ ಎಲ್ಲವೂ ಅದರಲ್ಲಿ ಪಾಲುದಾರ. ಕರ್ನಾಟಕದ ಹಳ್ಳಿ ಅಧ್ಯಯನಗಳ ಇತಿಹಾಸ ಇದಕ್ಕೆ ಒಳ್ಳೆಯ ಸಾಕ್ಷಿ.

ಎಂ.ಎನ್. ಶ್ರೀನಿವಾಸ್ ಮುಂಬಯಿಯಲ್ಲಿ ಜಿ.ಎಸ್. ಘುರ್ಯೆ ಅವರ ಶಿಷ್ಯರು. ಆಕ್ಸ್‌ಫರ್ಡಿಗೆ ಹೋದ ಮೇಲೆ ರ್‍ಯಾಡ್‌ಕ್ಲಿಫ್-ಬ್ರೌನ್ ಅವರ ಪ್ರಭಾವದಲ್ಲಿ, ಮೊದಲೇ ಕಲೆಹಾಕಿದ್ದ ಕೊಡಗಿನ ಸಾಮಗ್ರಿಯನ್ನೇ ಹೊಸದಾಗಿ ಓದಿ 1952ರಲ್ಲಿ ಪುಸ್ತಕ ತಂದರು. ಆಕ್ಸ್‌ಫರ್ಡಿನಲ್ಲೇ ಅಧ್ಯಾಪಕರಾಗಿ ನೇಮಕಗೊಂಡಾಗ ಕ್ಷೇತ್ರಕಾರ್ಯಕ್ಕೆ ಒಂದು ವರ್ಷ ಬಿಡುವು ಸಿಕ್ಕಿತು. 1948ರಲ್ಲಿ ಮೈಸೂರು ಸೀಮೆಯ, ಅವರು ‘ರಾಂಪುರ’ ಎಂದು ಕರೆದ ಹಳ್ಳಿಯಲ್ಲಿ ನೆಲೆಸಿದ್ದು ಹೀಗೆ. ಉಳಿದದ್ದು ಪಟೇಲರ ಆಶ್ರಯದಲ್ಲಿ. ಬ್ರಾಹ್ಮಣ ಅತಿಥಿ ಎಲ್ಲಿಗೆ ಹೋಗಬಹುದು, ಯಾರ ಜೊತೆ ಕೂರಬಹುದು ಎಂಬುದನ್ನು ಊರೇ ಗೊತ್ತುಮಾಡಿತು. ದಲಿತರ ಕೇರಿಯ ಬದುಕು ತಮಗೆ ಸಾಕಷ್ಟು ತೆರೆದುಕೊಳ್ಳಲಿಲ್ಲವೆಂದು ಅವರೇ ಬರೆದಿದ್ದಾರೆ. ಊರಲ್ಲೇ ನೆಲೆಸಿ ನೋಡುವ ಈ ವಿಧಾನದ ‘ಸಹಭಾಗಿ ಅವಲೋಕನ’ ಎಂಬ ಹೆಸರು ಕೇಳಲು ಉದಾರ. ಸಹಭಾಗಿತ್ವ ಎಷ್ಟೆಂಬುದು ಜಾತಿಯ ಲೆಕ್ಕ. 1970ರ ಏಪ್ರಿಲ್ 24ರಂದು ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ರಾಂಪುರದ ಕುರಿತ ಅವರ ಪರಿಷ್ಕೃತ ಟಿಪ್ಪಣಿಗಳ ಮೂರೂ ಪ್ರತಿಗಳು ಆಹುತಿಯಾದವು. ನೆನಪಿನಿಂದ ಬರೆಯಿರೆಂದು ಮಾನವಶಾಸ್ತ್ರಜ್ಞ ಸಾಲ್ ಟ್ಯಾಕ್ಸ್ ಸೂಚಿಸಿದರು. 1976ರ ‘ದಿ ರಿಮೆಂಬರ್ಡ್ ವಿಲೇಜ್’ ಹುಟ್ಟಿದ್ದು ಹಾಗೆ. ವಿಧಾನವನ್ನು ಇಲ್ಲಿ ಆರಿಸಿದ್ದು ಅವಘಡ.

ಸ್ಕಾರ್ಲೆಟ್ ಎಪ್‌ಸ್ಟೈನ್ ಅವರ ದಾರಿ ಬೇರೆ. ಕಾಲುವೆ ನೀರು ಬಂದರೆ ಸಮಾಜ ಹೇಗೆ ಬದಲಾಗುತ್ತದೆ ಎಂಬುದು ಪ್ರಶ್ನೆಯಾದ್ದರಿಂದ ಒಂದು ಹಳ್ಳಿ ಸಾಲದು. 1950ರ ದಶಕದಲ್ಲಿ ಮಂಡ್ಯ ಸೀಮೆಯ ನೀರಾವರಿ ಊರೊಂದನ್ನು ಒಣಭೂಮಿಯ ಊರೊಂದರೊಡನೆ ಹೋಲಿಸಿ, ಮನೆಗಳ ಆದಾಯ-ವೆಚ್ಚದ ಲೆಕ್ಕವನ್ನೂ ಸೇರಿಸಿ 1962ರಲ್ಲಿ ಪ್ರಕಟಿಸಿದರು. 1950ರ ದಶಕದ ಆರಂಭದಲ್ಲೇ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರದ ಮೈಸೂರು ಜನಸಂಖ್ಯಾ ಅಧ್ಯಯನ ಸಮೀಕ್ಷೆಗೆ ಮೊರೆಹೋಯಿತು. ಇಡೀ ಪ್ರದೇಶದ ಜನನ-ಮರಣ ತಿಳಿಯಲು ಊರಕಟ್ಟೆಯ ಮಾತು ಸಾಲುವುದಿಲ್ಲವಲ್ಲ.

ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ್ದ ಕೆ. ಈಶ್ವರನ್ ಧಾರವಾಡ ಸೀಮೆಯ ‘ಶಿವಪುರ’ ಎಂಬ ಮಾರುಹೆಸರಿನ ಹಳ್ಳಿಯ ಕುರಿತು 1968ರಲ್ಲಿ ಪುಸ್ತಕ ತಂದರು. ಭಾಷೆ ಬಲ್ಲವರಿಗೆ ದುಭಾಷಿ ಬೇಡ. ಆದರೆ ಪರಿಚಿತರನ್ನು ಕೇಳಲಾಗದ ಪ್ರಶ್ನೆಗಳೂ ಇರುತ್ತವೆ. ಕೆಲಸದ ಹಂಗಾಮೂ ಲೆಕ್ಕಕ್ಕೆ ಬರುತ್ತದೆ. ಕಲಘಟಗಿ ತಾಲ್ಲೂಕಿನ ದೇವಿಕೊಪ್ಪದಂಥ ಭತ್ತದ ಸೀಮೆಯ ಊರಿಗೆ ಹೊಲದ ಕೆಲಸ ಬಿರುಸಾಗಿರುವ ದಿನಗಳಲ್ಲಿ ಮಧ್ಯಾಹ್ನ ಪ್ರಶ್ನಾವಳಿ ಒಯ್ದವರಿಗೆ ಮನೆಯಲ್ಲಿ ಸಿಗುವವರು ಹೆಚ್ಚಾಗಿ ವಯಸ್ಸಾದವರು. ಉತ್ತರವೂ ಆ ಕಡೆಗೇ ವಾಲುತ್ತದೆ.