ವೃಷಣದ ಗಂಟು

ವೃಷಣದಲ್ಲಿ ಅಥವಾ ಅದರ ಚೀಲದಲ್ಲಿ ಕೈಗೆ ಸಿಗುವ ಗಂಟು, ಊತ. ಇವುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ: ನೀರು ತುಂಬಿದ ಹೈಡ್ರೋಸಿಲ್ (ಆನೆಕಾಲು ರೋಗದ ಹುಳುವಿನಿಂದಲೂ ಬರುವ ಇದು ಕರಾವಳಿಗೆ ಹೊಸದಲ್ಲ), ರಕ್ತನಾಳ ಉಬ್ಬಿದ ವೆರಿಕೋಸಿಲ್, ಚೀಲಕ್ಕಿಳಿದ ಹರ್ನಿಯಾ. ಆದರೂ ನೋವಿಲ್ಲವೆಂದು ಸುಮ್ಮನಿರುವುದು ತಲೆಕೆಳಗಾದ ಲೆಕ್ಕಾಚಾರ. ವೃಷಣದ ಕ್ಯಾನ್ಸರ್ ಸಾಮಾನ್ಯವಾಗಿ ನೋವಿಲ್ಲದ ಗಟ್ಟಿ ಗಂಟಾಗಿಯೇ ಶುರುವಾಗುತ್ತದೆ. ಅದೂ ಹೆಚ್ಚಾಗಿ 15ರಿಂದ 40 ವಯಸ್ಸಿನವರಲ್ಲಿ. ಹುಟ್ಟುವಾಗ ವೃಷಣ ಕೆಳಗಿಳಿಯದಿದ್ದವರಿಗೆ ಅಪಾಯ ಹೆಚ್ಚು. ನೋವಿನ ಕಥೆ ಬೇರೆ: ವೃಷಣ ತಿರುಚಿಕೊಂಡರೆ ಥಟ್ಟನೆ ತೀವ್ರ ನೋವು, ವಾಂತಿ. ವೃಷಣ ಉಳಿಯಬೇಕಾದರೆ ಸುಮಾರು 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆಗಬೇಕು, ಬೆಳಗಾಗಲಿ ಎಂದು ಕಾಯುವಂತಿಲ್ಲ.

ಹೆಚ್ಚಿನವು ನಿರುಪದ್ರವಿ ಎಂದಮೇಲೆ ಈ ಅವಸರವೇಕೆ ಎಂದು ಕೇಳಬಹುದು. ಅಮೆರಿಕದ ರೋಗತಡೆ ಕಾರ್ಯಪಡೆಯೇ 2011ರಲ್ಲಿ ವೃಷಣ ಕ್ಯಾನ್ಸರ್‌ಗೆ ಸಾಮೂಹಿಕ ತಪಾಸಣೆ ಬೇಡವೆಂದಿತು. ನಿಜ, ಆದರೆ ಅದು ಯಾವ ಲಕ್ಷಣವೂ ಇಲ್ಲದವರ ಕುರಿತ ಮಾತು. ಗಂಟು ಸಿಕ್ಕವರು ಆ ಗುಂಪಿನಿಂದ ಆಗಲೇ ಹೊರಬಂದಿರುತ್ತಾರೆ. ಚೀಲದ ಹಿಂದೆ ಟಾರ್ಚ್ ಹಿಡಿದಾಗ ನೀರಿನ ಊತ ಕೆಂಪಾಗಿ ಹೊಳೆಯುತ್ತದೆ, ಗಟ್ಟಿ ಗಡ್ಡೆ ಹೊಳೆಯದು; ಆದರೆ ಗಡ್ಡೆಯ ಸುತ್ತಲೂ ನೀರು ತುಂಬಬಹುದಾದ್ದರಿಂದ ಮನೆಯ ಟಾರ್ಚ್ ನಂಬಲರ್ಹವಲ್ಲ. ನೋವಿಲ್ಲದ ಅಲ್ಟ್ರಾಸೌಂಡ್ ಬಹುತೇಕ ಸಂಶಯ ಪರಿಹರಿಸುತ್ತದೆ. ಹೊಸ ಗಂಟು, ಭಾರ ಅಥವಾ ಗಾತ್ರದ ಬದಲಾವಣೆ ಕಂಡರೆ ಕೆಲ ದಿನಗಳೊಳಗೆ ವೈದ್ಯರಿಗೆ ತೋರಿಸಬೇಕು. ಜನ ಹಿಂಜರಿಯುವುದು ನಾಚಿಕೆಯಿಂದ, ಗಂಡಸುತನ ಹೋದೀತೆಂಬ ಭಯದಿಂದ. ಆದರೆ ಕ್ಯಾನ್ಸರ್‌ನಿಂದ ಒಂದನ್ನು ತೆಗೆಯಬೇಕಾಗಿ ಬಂದರೂ, ಆರೋಗ್ಯವಾಗಿರುವ ಇನ್ನೊಂದೇ ವೃಷಣ ಹಾರ್ಮೋನಿಗೂ ಸಂತಾನಕ್ಕೂ ಸಾಮಾನ್ಯವಾಗಿ ಸಾಕು. ಕ್ಯಾನ್ಸರ್‌ಗೆ ಕೀಮೋಥೆರಪಿ ಬೇಕಾದವರು ಮೊದಲೇ ವೀರ್ಯ ಕಾಯ್ದಿರಿಸಬಹುದು.