ಆಟೋಕ್ರಾಸ್ ಕಾರಿಗೆ ಸೂಪರ್‌ಚಾರ್ಜರ್: ಯಾವುದು, ಎಷ್ಟು, ನಿಜಕ್ಕೂ ಬೇಕಾ?

ಇಂಡಿ, ಸಿಂದಗಿ ಕಡೆಯ ಹುಡುಗರಿಗೆ ಟರ್ಬೊ ಅಂದರೇನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡು ಎರೆಹೊಲದಿಂದ ರಸ್ತೆಗೆ ಏರುವ ಟ್ರ್ಯಾಕ್ಟರ್ ನೋಡಿದವರಿಗೆ, ಜಾತ್ರೆಯಲ್ಲಿ ಟ್ರ್ಯಾಕ್ಟರ್ ಜಗ್ಗಾಟ ಕಂಡವರಿಗೆ ಒಂದು ಮಾತು ಚೆನ್ನಾಗಿ ಗೊತ್ತು: ಎಂಜಿನ್‌ಗೆ ಹೆಚ್ಚು ಗಾಳಿ ತುಂಬಿದರೆ ಅದು ಹೆಚ್ಚು ಜಗ್ಗುತ್ತದೆ. ಇವರಲ್ಲಿ ಕೆಲವರು ಕೆಲಸಕ್ಕೆಂದು ಬೆಂಗಳೂರು, ಪುಣೆ ಸೇರಿ, ಹಳೇ ಕಾರೊಂದನ್ನು ಆಟೋಕ್ರಾಸ್‌ಗೆ ಸಜ್ಜು ಮಾಡೋಕೆ ಶುರು ಮಾಡಿದ ಮೇಲೆ ನನಗೆ ಬರುವ ಪ್ರಶ್ನೆ ಒಂದೇ. "ಅಣ್ಣಾ, ಇದಕ್ಕೊಂದು ಸೂಪರ್‌ಚಾರ್ಜರ್ ಕೂಡಿಸಿದ್ರ ಹೆಂಗ?"

ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು ನಾನು. ಹಾಗಾಗಿ ಲೆಕ್ಕ ಹಾಕಿಯೇ ಉತ್ತರ ಕೊಡ್ತೀನಿ. ಇಲ್ಲಿ ಪಣಕ್ಕಿರೋದು ಒಬ್ಬ ಹುಡುಗನ ಎರಡು-ಮೂರು ವರ್ಷದ ಉಳಿತಾಯ, ಒಂದು ಎಂಜಿನ್, ಜೊತೆಗೆ ಕಾರಿನ ಆರ್‌ಸಿ ಮತ್ತು ವಿಮೆ. ಮೊದಲೇ ಹೇಳಿಬಿಡ್ತೀನಿ: ಟ್ರ್ಯಾಕ್ಟರ್‌ನಿಂದ ಕಲಿತ ಪಾಠ ಆಟೋಕ್ರಾಸ್‌ನಲ್ಲಿ ಅರ್ಧ ಮಾತ್ರ ಕೆಲಸಕ್ಕೆ ಬರುತ್ತದೆ.

ಆಟೋಕ್ರಾಸ್ ಏನು ಕೇಳುತ್ತದೆ?

ನಮ್ಮ ದೇಶದಲ್ಲಿ ಆಟೋಕ್ರಾಸ್ ಅಂದರೆ ಬಹುಮಟ್ಟಿಗೆ ಮಣ್ಣಿನ ಮೈದಾನದ ಆಟ. ಗುರುತು ಹಾಕಿದ ಸಣ್ಣ ಅಂಕುಡೊಂಕು ದಾರಿ, ಗಡಿಯಾರದ ವಿರುದ್ಧ ಓಟ, ಕಡಿಮೆ ಸಮಯ ತೆಗೆದುಕೊಂಡವರು ಗೆದ್ದಂತೆ. ಕೊಡಗಿನಲ್ಲಿ ಭತ್ತ ಕೊಯ್ಲಾದ ಗದ್ದೆಗಳೇ ಟ್ರ್ಯಾಕ್ ಆಗುತ್ತವೆ. ಅಮೆರಿಕದಲ್ಲಿ ಅದೇ ಹೆಸರಿನ ಆಟ ಪಾರ್ಕಿಂಗ್ ಮೈದಾನದ ಡಾಂಬರಿನ ಮೇಲೆ, ರಬ್ಬರ್ ಕೋನ್‌ಗಳ ನಡುವೆ ನಡೆಯುತ್ತದೆ. ಅಲ್ಲಿ ಹವ್ಯಾಸಿಗಳ ಅಚ್ಚುಮೆಚ್ಚು ಮಜ್ದಾ ಮಿಯಾಟಾದಂಥ ಎರಡು ಸೀಟಿನ ಹಿಂಚಕ್ರ ಚಾಲನೆಯ ಕಾರು. ಆ ಕಾರು ನಮ್ಮಲ್ಲಿ ಅಧಿಕೃತವಾಗಿ ಮಾರಾಟಕ್ಕೆ ಬಂದೇ ಇಲ್ಲ. ನಮ್ಮ ಹವ್ಯಾಸಿಯ ಸ್ಪೋರ್ಟ್ಸ್ ಕಾರು ಅಂದರೆ ಹಳೇ ಎಸ್ಟೀಮ್, ಹಳೇ ಬಲೆನೊ, ಜಿಪ್ಸಿ, ಸ್ವಿಫ್ಟ್, ಪೋಲೊ.

ಎರಡೂ ಕಡೆ ಸಮಾನವಾದ ಅಂಶ ಒಂದಿದೆ. ಕಾರು ಹೆಚ್ಚು ಹೊತ್ತು ಎರಡನೇ ಗೇರ್‌ನಲ್ಲೇ ಇರುತ್ತದೆ. ತಿರುವಿನಲ್ಲಿ 3000 ಆರ್‌ಪಿಎಂಗೆ ಇಳಿಯುತ್ತದೆ, ಮರುಕ್ಷಣ 6000 ದಾಟುತ್ತದೆ, ಮತ್ತೆ ಇಳಿಯುತ್ತದೆ. ಕಬ್ಬಿನ ಟ್ರ್ಯಾಕ್ಟರ್ ಹಾಗಲ್ಲ. ಅದು ಒಂದೇ ಲೋಡು, ಹೆಚ್ಚುಕಡಿಮೆ ಒಂದೇ ಆರ್‌ಪಿಎಂನಲ್ಲಿ ಗಂಟೆಗಟ್ಟಲೆ ಜಗ್ಗುತ್ತದೆ. ಟರ್ಬೊ ಸುತ್ತೋದು ಎಂಜಿನ್ ಉಗುಳುವ ಹೊಗೆಯ ಬಲದಿಂದ. ಲೋಡು ಒಂದೇ ಸಮ ಇದ್ದಾಗ ಅದಕ್ಕಿಂತ ಒಳ್ಳೆಯ ಯಂತ್ರ ಇಲ್ಲ. ಆದರೆ ಸೆಕೆಂಡಿಗೊಮ್ಮೆ ಆಕ್ಸಿಲರೇಟರ್ ಬಿಟ್ಟು ಒತ್ತುವ ಆಟದಲ್ಲಿ, ದೊಡ್ಡ ಟರ್ಬೊ ಎಚ್ಚರಾಗುವಷ್ಟರಲ್ಲಿ ತಿರುವು ಮುಗಿದಿರುತ್ತದೆ. ಸೂಪರ್‌ಚಾರ್ಜರ್ ಕಡೆ ಮನಸ್ಸು ಹೋಗೋದು ಇದೇ ಕಾರಣಕ್ಕೆ. ಅದು ಎಂಜಿನ್‌ನ ಬೆಲ್ಟಿಗೇ ಕಟ್ಟಿಕೊಂಡಿರುವುದರಿಂದ ಕಾಲಿಟ್ಟ ಕೂಡಲೇ ಗಾಳಿ ಕೊಡುತ್ತದೆ.

ಎರಡು ಬಗೆ, ಎರಡು ಸ್ವಭಾವ

ಮೊದಲನೆಯದು, ಪ್ರತಿ ಸುತ್ತಿಗೆ ಇಂತಿಷ್ಟೇ ಗಾಳಿ ತಳ್ಳುವ ಬಗೆ. ರೂಟ್ಸ್ ಮತ್ತು ಟ್ವಿನ್ ಸ್ಕ್ರೂ ಈ ಜಾತಿಯವು. ಕಡಿಮೆ ಆರ್‌ಪಿಎಂನಲ್ಲೂ ಬಹುತೇಕ ಪೂರ್ತಿ ಬೂಸ್ಟ್ ಸಿಗುತ್ತದೆ. ರೂಟ್ಸ್ ಸರಳ, ಗಟ್ಟಿ, ಆದರೆ ಗಾಳಿಯನ್ನು ಹೆಚ್ಚು ಕಾಯಿಸುತ್ತದೆ. ಟ್ವಿನ್ ಸ್ಕ್ರೂ ಗಾಳಿಯನ್ನು ತನ್ನೊಳಗೇ ಒತ್ತುವುದರಿಂದ ದಕ್ಷತೆ ಹೆಚ್ಚು, ಬೆಲೆಯೂ ಹೆಚ್ಚು.

ಎರಡನೆಯದು ಸೆಂಟ್ರಿಫ್ಯೂಗಲ್. ನೋಡೋಕೆ ಟರ್ಬೊ ಥರ, ಓಡೋದು ಬೆಲ್ಟಿನಿಂದ. ಗಾಳಿ ಕಡಿಮೆ ಕಾಯುತ್ತದೆ, ಕೂರಿಸೋದೂ ಸುಲಭ. ಆದರೆ ಇದರ ಒತ್ತಡ ಹೆಚ್ಚುಕಡಿಮೆ ಸುತ್ತಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 7000 ಆರ್‌ಪಿಎಂನಲ್ಲಿ 7 ಪಿಎಸ್‌ಐ ಕೊಡುವ ಯಂತ್ರ 3500ರಲ್ಲಿ ಕೊಡೋದು ಅದರ ಕಾಲು ಭಾಗ, ಅಂದರೆ 2 ಪಿಎಸ್‌ಐಗೂ ಕಡಿಮೆ. ಜಾಹೀರಾತಿನ ಅಶ್ವಶಕ್ತಿ ನೋಡಿ ಕೊಂಡವರಿಗೆ ತಿರುವಿನಿಂದ ಹೊರಬರುವಾಗ ಸಿಗೋದು ಇಷ್ಟೇ.

ಹಾಗಂದ ಮಾತ್ರಕ್ಕೆ ರೂಟ್ಸ್ ಗೆದ್ದಿತು ಅಂತಲ್ಲ. ಡಾಂಬರಿನ ಮೇಲೆ, ಒಳ್ಳೆ ಟೈರಿರುವ ಹಿಂಚಕ್ರ ಚಾಲನೆಯ ಕಾರಿಗೆ ಸಣ್ಣ ರೂಟ್ಸ್ ಅಥವಾ ಟ್ವಿನ್ ಸ್ಕ್ರೂ ಸರಿಯಾದ ಜೋಡಿ. ಸಡಿಲ ಮಣ್ಣಿನ ಮೇಲೆ ಮುಂಚಕ್ರ ಚಾಲನೆಯ ಎಸ್ಟೀಮ್‌ಗೆ ಅದೇ ಟಾರ್ಕ್ ಕೊಟ್ಟರೆ ಚಕ್ರ ನಿಂತಲ್ಲೇ ಗಿರಗಿರ ತಿರುಗಿ ಮಣ್ಣು ಅಗೆಯುತ್ತದೆ, ಸಮಯ ಉಳಿಯೋದಿಲ್ಲ. ಅಲ್ಲಿ ಬೂಸ್ಟ್ ನಿಧಾನಕ್ಕೆ ಏರಿಸುವ ಸೆಂಟ್ರಿಫ್ಯೂಗಲ್ಲೇ ವಾಸಿ. ಅದಕ್ಕೂ ಮೊದಲು ಬೇಕಾದದ್ದು ಟೈರು ಮತ್ತು ಎರಡೂ ಚಕ್ರಕ್ಕೆ ಬಲ ಹಂಚುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್.

ಅಳತೆ ಆರಿಸುವ ಲೆಕ್ಕ

ಹಳೇ ಮಾರುಕಟ್ಟೆಯಲ್ಲಿ ಹೆಚ್ಚು ಕೇಳಿಬರುವ ಹೆಸರು ಈಟನ್ ಕಂಪನಿಯ ಎಂ45 ಮತ್ತು ಎಂ62. ಆ ಅಂಕಿ ಒಂದು ಸುತ್ತಿಗೆ ಎಷ್ಟು ಘನ ಇಂಚು ಗಾಳಿ ತಳ್ಳುತ್ತದೆ ಅನ್ನೋದು. ಎಂ45 ಅಂದರೆ ಸುಮಾರು 737 ಸಿಸಿ, ಎಂ62 ಅಂದರೆ ಸುಮಾರು 1016 ಸಿಸಿ.

ಈಗ ಎಸ್ಟೀಮ್‌ನ 1298 ಸಿಸಿ ಎಂಜಿನ್ ತೆಗೆದುಕೊಳ್ಳಿ. ನಾಲ್ಕು ಸ್ಟ್ರೋಕ್ ಎಂಜಿನ್ ಆದ್ದರಿಂದ ಒಂದು ಸುತ್ತಿಗೆ ಅದರ ಅರ್ಧ, 649 ಸಿಸಿ ಗಾಳಿ ಎಳೆಯುತ್ತದೆ. ಶೇ 90ರಷ್ಟು ತುಂಬುತ್ತದೆ ಅಂದುಕೊಂಡರೆ ಸುಮಾರು 585 ಸಿಸಿ. ಎಂ45 ಕೂರಿಸಿ, ಎಂಜಿನ್ ಒಂದು ಸುತ್ತು ಸುತ್ತಿದಾಗ ಅದು 1.4 ಸುತ್ತು ಸುತ್ತುವಂತೆ ಪುಲ್ಲಿ ಹಾಕಿದರೆ, ಸೋರಿಕೆಗೆ ಶೇ 15 ಕಳೆದು, ಸುಮಾರು 877 ಸಿಸಿ ಸಿಗುತ್ತದೆ. ಅಂದರೆ ಒಂದೂವರೆ ಪಟ್ಟು ಗಾಳಿ. ಇಷ್ಟು ಸಾಕು, ಬಹಳವೇ ಸಾಕು. ಇದೇ ಎಂಜಿನ್‌ಗೆ ಎಂ62 ತಂದರೆ ತೂಕ ಮತ್ತು ಜಾಗದ ದಂಡ ಬಿಟ್ಟರೆ ಲಾಭ ಇಲ್ಲ. ಪುಲ್ಲಿ ಚಿಕ್ಕದು ಮಾಡುತ್ತಾ ಹೋದರೆ ಬೂಸ್ಟ್ ಏರುತ್ತದೆ ನಿಜ. ಆದರೆ ತಯಾರಕರು ಹೇಳಿದ ಗರಿಷ್ಠ ಸುತ್ತು ದಾಟಬಾರದು.

ಈ ಗಾಳಿ ಪುಕ್ಕಟೆಯೂ ಅಲ್ಲ. 7000 ಆರ್‌ಪಿಎಂನಲ್ಲಿ ಇದನ್ನು ತಿರುಗಿಸೋಕೆ ಎಂಜಿನ್ ತನ್ನದೇ ಸುಮಾರು 10 ಅಶ್ವಶಕ್ತಿ ಕೊಡಬೇಕು.

ನಮ್ಮ ಬಿಸಿಲು, ನಮ್ಮ ಪೆಟ್ರೋಲು

ವಿದೇಶಿ ಕಿಟ್‌ಗಳ ಪುಸ್ತಕದಲ್ಲಿ ವಿಜಯಪುರದ ಏಪ್ರಿಲ್ ಇರೋದಿಲ್ಲ. 40 ಡಿಗ್ರಿ ಗಾಳಿಯನ್ನು 7 ಪಿಎಸ್‌ಐಗೆ ಒತ್ತಿದರೆ, ಶೇ 60ರಷ್ಟು ದಕ್ಷತೆಯ ರೂಟ್ಸ್‌ನಿಂದ ಅದು ಹೊರಬರೋದು 100 ಡಿಗ್ರಿಗಿಂತ ಬಿಸಿಯಾಗಿ. ಸೆಂಟ್ರಿಫ್ಯೂಗಲ್‌ನಲ್ಲೂ 90 ಡಿಗ್ರಿ ಆಸುಪಾಸು. ಬಿಸಿ ಗಾಳಿ ಅಂದರೆ ನಾಕಿಂಗ್: ಪೆಟ್ರೋಲು ಸರಿಯಾದ ಗಳಿಗೆಗೆ ಮೊದಲೇ ತಾನಾಗಿ ಹೊತ್ತಿಕೊಂಡು ಪಿಸ್ಟನ್‌ಗೆ ಸುತ್ತಿಗೆಯಂತೆ ಬಡಿಯೋದು. ಪಿಸ್ಟನ್ ಒಡೆಯೋಕೆ ಇಂಥ ಕೆಲವು ಸೆಕೆಂಡು ಸಾಕು. ಹಾಗಾಗಿ ಇಂಟರ್‌ಕೂಲರ್ ಇಲ್ಲದ ಕಿಟ್ ನಮ್ಮ ಕಡೆ ಬೇಡವೇ ಬೇಡ. ಆಟೋಕ್ರಾಸ್‌ನಲ್ಲಿ ವೇಗ ಕಡಿಮೆ, ಮುಂದಿನಿಂದ ಬೀಸುವ ಗಾಳಿಯೂ ಕಡಿಮೆ. ಅದಕ್ಕೇ ನೀರಿನಿಂದ ತಣಿಸುವ ಇಂಟರ್‌ಕೂಲರ್ ಹೆಚ್ಚು ಉಪಯೋಗ. ಎರಡು ಓಟದ ನಡುವೆ ಅದನ್ನು ಮತ್ತೆ ತಂಪು ಮಾಡಿಕೊಳ್ಳಬಹುದು.

ಪೆಟ್ರೋಲ್ ವಿಷಯದಲ್ಲಿ ನಮ್ಮ ಕಬ್ಬೇ ಸ್ವಲ್ಪ ನೆರವಿಗೆ ಬಂದಿದೆ. ಎಥೆನಾಲ್ ನಾಕಿಂಗ್ ತಡೆಯುತ್ತದೆ. ಬಿಎಸ್6ರ ಮಾಮೂಲಿ ಪೆಟ್ರೋಲಿನ ಆಕ್ಟೇನ್ 91, ಶೇ 20 ಎಥೆನಾಲ್ ಬೆರೆತ ಇ20ಯದು 95. ಆದರೆ ಎಥೆನಾಲ್‌ನಲ್ಲಿ ಶಕ್ತಿ ಕಡಿಮೆ, ಅಷ್ಟೇ ಗಾಳಿಗೆ ಹೆಚ್ಚು ಇಂಧನ ಸುರಿಯಬೇಕು. ಗಾಳಿಯೇ ಒಂದೂವರೆ ಪಟ್ಟಾದ ಮೇಲೆ ಹಳೇ ಇಂಜೆಕ್ಟರ್, ಹಳೇ ಪಂಪು ಸಾಲೋದಿಲ್ಲ. ಇಸಿಯುವನ್ನು ಡೈನೊ ಮೇಲೆ ಕೂತು ಟ್ಯೂನ್ ಮಾಡುವವರು ಸಿಗದಿದ್ದರೆ ಕಿಟ್ ಡಬ್ಬಿ ತೆರೆಯಲೇಬೇಡಿ. ಹಳೇ ಕಾರಿನ ರಬ್ಬರ್ ಪೈಪುಗಳನ್ನೂ ಎಥೆನಾಲ್ ತಡೆಯುವಂಥವಕ್ಕೆ ಬದಲಿಸಿ.

ಕಾರ್ಖಾನೆಯವರು ಏನು ಮಾಡಿದರು?

ಇದಕ್ಕೆ ಒಳ್ಳೆ ಪಾಠ 2002ರ ಮಿನಿ ಕೂಪರ್ ಎಸ್. ಸಾದಾ ಕೂಪರ್‌ನ 1.6 ಲೀಟರ್ ಎಂಜಿನ್ 115 ಅಶ್ವಶಕ್ತಿಯದು, ಕಂಪ್ರೆಷನ್ ರೇಶಿಯೊ 10.6. ಅದಕ್ಕೆ ಎಂ45 ಕೂರಿಸಿ 163 ಅಶ್ವಶಕ್ತಿ ತೆಗೆದರು. ಆದರೆ ಕಂಪ್ರೆಷನ್ ರೇಶಿಯೊವನ್ನು 8.3ಕ್ಕೆ ಇಳಿಸಿದರು, ಎಂಜಿನ್ ಮೇಲೆ ಇಂಟರ್‌ಕೂಲರ್ ಇಟ್ಟರು, ಬಾನೆಟ್‌ಗೆ ಗಾಳಿಯ ಕಿಂಡಿ ಕೊರೆದರು. ಇಷ್ಟು ಮಾಡಿದ್ದು ಕಾರ್ಖಾನೆಯಲ್ಲಿ, ಹೊಸ ಎಂಜಿನ್‌ಗೆ. ನಾವು ಲಕ್ಷ ಕಿಲೋಮೀಟರ್ ಓಡಿದ ಎಂಜಿನ್‌ಗೆ ಮೇಲಿಂದ ಬೋಲ್ಟ್ ಹಾಕಿ ಅಷ್ಟೇ ಬಾಳಿಕೆ ಕೇಳ್ತೀವಿ. ಮಿನಿಯ ಮುಂದಿನ ತಲೆಮಾರು ಬಂದಾಗ ಆ ಕಂಪನಿಯೇ ಸೂಪರ್‌ಚಾರ್ಜರ್ ಬಿಟ್ಟು ಸಣ್ಣ ಟರ್ಬೊ ಹಿಡಿಯಿತು ಅನ್ನೋದನ್ನೂ ಮರೆಯಬೇಡಿ.

ಹಳೇ ಈಟನ್ ಕೊಳ್ಳುವುದಾದರೆ ಕೈಯಿಂದ ತಿರುಗಿಸಿ ನೋಡಿ. ಎಲ್ಲೂ ತಡೆಯಬಾರದು, ಶಾಫ್ಟ್ ಅಲುಗಾಡಬಾರದು, ಮುಂಭಾಗದಿಂದ ಆಯಿಲ್ ಸೋರಿರಬಾರದು, ರೋಟರ್ ಮೇಲಿನ ಲೇಪ ಕಿತ್ತಿರಬಾರದು.

ನಿಯಮ ಓದದೆ ಕೈ ಹಾಕಬೇಡಿ

ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ನಿಯಮದಲ್ಲಿ ಟರ್ಬೊ ಅಥವಾ ಸೂಪರ್‌ಚಾರ್ಜರ್ ಇರುವ ಪೆಟ್ರೋಲ್ ಎಂಜಿನ್‌ನ ಸಿಸಿಯನ್ನು 1.7ರಿಂದ ಗುಣಿಸುತ್ತಾರೆ. 1298 ಸಿಸಿ ಎಸ್ಟೀಮ್ ಕಾಗದದ ಮೇಲೆ 2207 ಸಿಸಿ ಆಗಿಬಿಡುತ್ತದೆ. ನಿಮ್ಮ ಜೋಡಿ ಓಡುತ್ತಿದ್ದ ಸಣ್ಣ ಕಾರುಗಳು ಬಿಟ್ಟುಹೋಗಿ, ಎರಡು ಲೀಟರ್ ಎಂಜಿನ್‌ನವರ ಜೊತೆ ಸೆಣಸಬೇಕಾಗುತ್ತದೆ. ಅಮೆರಿಕದ ಕನ್ನಡಿಗರಿಗೂ ಇದೇ ಕಥೆ. ಅಲ್ಲಿನ ಎಸ್‌ಸಿಸಿಎ ಸೋಲೊದಲ್ಲಿ ಸೂಪರ್‌ಚಾರ್ಜರ್ ಕೂರಿಸಿದ ಮಿಯಾಟಾ ಸ್ಟ್ರೀಟ್ ವರ್ಗ ಬಿಟ್ಟು ಸೂಪರ್ ಸ್ಟ್ರೀಟ್ ಮಾಡಿಫೈಡ್‌ಗೆ ಹೋಗಬೇಕು. ಅಲ್ಲಿರೋರೆಲ್ಲ ಕಾರನ್ನು ಬುಡಮೇಲು ಮಾಡಿಕೊಂಡು ಬಂದವರೇ. ಇಲ್ಲಿ ಎಫ್‌ಎಂಎಸ್‌ಸಿಐ ಮಾನ್ಯತೆಯ ಸ್ಪರ್ಧೆಯಾದರೆ ಆ ವರ್ಷದ ನಿಯಮಾವಳಿ ತರಿಸಿಕೊಂಡು, ನಿಮ್ಮ ವರ್ಗದಲ್ಲಿ ಇದಕ್ಕೆ ಅವಕಾಶ ಇದೆಯಾ ಅಂತ ಆಯೋಜಕರಿಂದ ಬರೆಸಿಕೊಳ್ಳಿ.

ರಸ್ತೆಯದು ಇನ್ನೊಂದು ಕಥೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ, ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಅಡಿ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಎರಡೂ. ಅಪಘಾತವಾದರೆ ವಿಮೆಯವರು ಮೊದಲು ಹುಡುಕೋದೂ ಇಂಥದ್ದನ್ನೇ. ಸೂಪರ್‌ಚಾರ್ಜರ್ ಕೂರಿಸಿದ ಕಾರು ಮೈದಾನಕ್ಕೆ ಟ್ರಕ್ಕಿನ ಮೇಲೆ ಹೋಗಬೇಕು, ಮನೆಗೂ ಹಾಗೇ ಬರಬೇಕು. ಆ ಬಾಡಿಗೆಯನ್ನೂ ಖರ್ಚಿನ ಪಟ್ಟಿಗೆ ಸೇರಿಸಿ.

ಹಾಗಾದರೆ ಏನು ಆರಿಸಬೇಕು?

ನನ್ನ ಅಭಿಪ್ರಾಯ ಇಷ್ಟು. ನಿಮ್ಮದು ಮೊದಲ ಎರಡು ಹಂಗಾಮು ಆಗಿದ್ದರೆ ಯಾವುದೂ ಬೇಡ. ಹೆಲ್ಮೆಟ್, ಸೀಟು, ಬೆಲ್ಟ್, ಟೈರು, ಸಸ್ಪೆನ್ಷನ್, ಡಿಫರೆನ್ಷಿಯಲ್, ಈ ಕ್ರಮದಲ್ಲಿ ಖರ್ಚು ಮಾಡಿ. ಉಳಿದ ದುಡ್ಡು ಪ್ರಾಕ್ಟೀಸ್‌ಗೆ. ಎರಡು ಲೀಟರ್ ವರ್ಗದಲ್ಲೇ ಓಡುವ ಆಸೆಯಿದ್ದರೆ ಕಾರ್ಖಾನೆಯಿಂದಲೇ ಟರ್ಬೊ ಬಂದಿರುವ ಹಳೇ ಪೋಲೊ 1.2 ಟಿಎಸ್‌ಐ ನೋಡಿ. 1.7ರಿಂದ ಗುಣಿಸಿದರೂ ಅದು 2035 ಸಿಸಿಯಷ್ಟೇ. ಅದರ ಟರ್ಬೊ ಚಿಕ್ಕದು, ಬೇಗ ಎಚ್ಚರಾಗುತ್ತದೆ. ಪಿಸ್ಟನ್, ಕೂಲಿಂಗ್, ಇಸಿಯು ಎಲ್ಲವೂ ಅದಕ್ಕೆಂದೇ ಮಾಡಿದ್ದು, ಆರ್‌ಸಿ ಕೂಡ ನೆಟ್ಟಗಿರುತ್ತದೆ.

ಇಷ್ಟೆಲ್ಲ ಆದಮೇಲೂ ಡಾಂಬರಿನ ಮೇಲೆ ಓಡುವ, ರಸ್ತೆಗಿಳಿಯದ, ಹಿಂಚಕ್ರ ಚಾಲನೆಯ ಕಾರು ನಿಮ್ಮ ಹತ್ತಿರ ಇದ್ದು, ಟ್ಯೂನ್ ಮಾಡುವವರೂ ಸಿಕ್ಕಿದ್ದರೆ, ಆಗ ತನ್ನಿ: ಎಂಜಿನ್‌ಗೆ ತಕ್ಕ ಸಣ್ಣ ರೂಟ್ಸ್ ಅಥವಾ ಟ್ವಿನ್ ಸ್ಕ್ರೂ, ನೀರಿನ ಇಂಟರ್‌ಕೂಲರ್, 5ರಿಂದ 7 ಪಿಎಸ್‌ಐ. ಅದರ ಮೇಲೆ ಹೋಗಬೇಕು ಅನ್ನಿಸಿದರೆ ಮೊದಲು ಎಂಜಿನ್ ಬಿಚ್ಚಿ, ಗಟ್ಟಿ ಪಿಸ್ಟನ್ ಹಾಕಿಸಿ, ಆಮೇಲೆ ಪುಲ್ಲಿ ಬದಲಿಸಿ.